ಬೆಂಗಳೂರಿನ ಬಗ್ಗೆ ನಾವು ನಂಬಿಕೊಂಡು ಬಂದದ್ದು

ಬೆಂಗಳೂರಿನಲ್ಲಿ ನಾಲ್ಕು ಜನ ಸೇರಿದ ಕಡೆ ಟ್ರಾಫಿಕ್ಕು, ನೀರು, ಕಸದ ಮಾತು ಬಾರದೆ ಇರುವುದಿಲ್ಲ. ಎಲ್ಲಿಂದ ಶುರುವಾದರೂ ಆ ಮಾತು ಬಂದು ನಿಲ್ಲುವುದು ಮಾತ್ರ ಒಂದೇ ಜಾಗದಲ್ಲಿ: "ಇಷ್ಟೊಂದು ಜನ ಬಂದ್ಬಿಟ್ರು, ಏನ್ ಮಾಡಕ್ಕಾಗುತ್ತೆ ಹೇಳಿ?" ಅಲ್ಲಿಗೆ ಎಲ್ಲರೂ ತಲೆಯಾಡಿಸಿ ಏಳುತ್ತಾರೆ. ಇದೇ ಊರಿನಲ್ಲಿ ಹುಟ್ಟಿ, ಬಸ್ಸಿನಲ್ಲೂ ಕಾಲ್ನಡಿಗೆಯಲ್ಲೂ ಬದುಕು ಕಳೆಯುತ್ತಿರುವ ನನಗೆ ಆ ತಲೆಯಾಡಿಸುವಿಕೆ ಒಪ್ಪಿಗೆಯಿಲ್ಲ. ಇಲ್ಲಿನ ಒಂದೊಂದು ತೊಂದರೆಯ ಹಿಂದೆಯೂ ಒಂದು ತೀರ್ಮಾನವಿದೆ. ಅದಕ್ಕೊಂದು ಕಡತ, ಒಂದು ನಕ್ಷೆ, ಒಂದು ಸಹಿ ಇದೆ. ತೀರ್ಮಾನದಿಂದ ಆದದ್ದನ್ನು ಇನ್ನೊಂದು ತೀರ್ಮಾನದಿಂದ ಸರಿಪಡಿಸಬಹುದು. ಹಾಗೆ ಸರಿಪಡಿಸಬಹುದು ಎಂಬುದನ್ನೇ ಮರೆಸುವ ಕೆಲವು ನಂಬಿಕೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಜನ ಹೆಚ್ಚಾದದ್ದರಿಂದಲೇ ಊರು ಕೆಟ್ಟಿತು.

ವಾಸ್ತವ: ಜನ ಹೆಚ್ಚಾದದ್ದು ನಿಜ. ಆದರೆ ಜನ ಬರುತ್ತಾರೆಂದು ಗೊತ್ತಿದ್ದೂ ಏನು ಮಾಡಿದೆವು ಎಂಬುದು ಮುಖ್ಯ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದರು. ಅಲ್ಲಿ ಮೊದಲು ಬಂದದ್ದು ನೇರವಾದ ರಸ್ತೆ, ಮೋರಿ, ಮನೆಗಳ ಹಿಂಬದಿಯಲ್ಲಿ ಕಸ, ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ. ಮನೆಗಳು ಎದ್ದದ್ದು ಆಮೇಲೆ. ನೂರ ಇಪ್ಪತ್ತು ವರ್ಷ ದಾಟಿದರೂ ಆ ಬಡಾವಣೆಗಳಲ್ಲಿ ಇವತ್ತಿಗೂ ನಡೆದಾಡಬಹುದು.

ಈಗ 2007ಕ್ಕೆ ಬನ್ನಿ. ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಹಳ್ಳಿಗಳು ಕಾಗದದಲ್ಲಿ ನಗರವಾದವು. ಕಂದಾಯ ನಿವೇಶನಗಳಲ್ಲಿ ಕಟ್ಟಡಗಳೆದ್ದವು, ತೆರಿಗೆ ವಸೂಲಾಯಿತು. ಆದರೆ ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿನ ಜನ ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿ ಬದುಕಿದರು. ಮೊದಲು ಮನೆ, ಆಮೇಲೆ ಮೋರಿ ಎಂಬ ಈ ತಲೆಕೆಳಗಾದ ಕ್ರಮವನ್ನು ವಲಸೆ ಬಂದವರು ಗೊತ್ತುಮಾಡಲಿಲ್ಲ.

ತಪ್ಪು ಕಲ್ಪನೆ: ರಸ್ತೆ ಅಗಲ ಮಾಡಿದರೆ, ಮೇಲ್ಸೇತುವೆ ಕಟ್ಟಿದರೆ ದಟ್ಟಣೆ ಇಳಿಯುತ್ತದೆ.

ವಾಸ್ತವ: ಎಲ್ಲಕ್ಕಿಂತ ದುಬಾರಿಯಾದ ತಪ್ಪು ಇದು. ಆದ್ದರಿಂದ ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ.

2003ರಲ್ಲಿ ಹೆಬ್ಬಾಳ ಮೇಲ್ಸೇತುವೆ ತೆರೆದಾಗ ಆ ಭಾಗದ ಕಷ್ಟ ತೀರಿತೆಂದೇ ಎಲ್ಲರೂ ಅಂದುಕೊಂಡರು. ಕೆಲವೇ ವರ್ಷಗಳಲ್ಲಿ ಹೆಬ್ಬಾಳ ಎಂದರೆ ಜಾಮ್ ಎಂದಾಯಿತು. 2025ರಲ್ಲಿ ಅದಕ್ಕೆ ಹೊಸ ಲೂಪ್ ಸೇರಿಸಬೇಕಾಗಿ ಬಂತು. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರ್ ಉದ್ದದ ಎತ್ತರಿಸಿದ ರಸ್ತೆ ಬಂತು. ಮೇಲಿನ ಓಟ ಸಲೀಸಾಯಿತು, ನಿಜ. ಆದರೆ ಆ ವಾಹನಗಳೆಲ್ಲ ಇಳಿದು ನಿಲ್ಲುವುದು ಸಿಲ್ಕ್ ಬೋರ್ಡ್‌ನಲ್ಲಿ. ಮೇಲ್ಸೇತುವೆ ದಟ್ಟಣೆಯನ್ನು ಕರಗಿಸುವುದಿಲ್ಲ, ಒಂದು ಸಿಗ್ನಲ್ಲಿನಿಂದ ಎತ್ತಿ ಮುಂದಿನ ಸಿಗ್ನಲ್ಲಿಗೆ ಇಳಿಸುತ್ತದೆ.

ಕಾರಣ ಸರಳ. ರಸ್ತೆ ಸಲೀಸಾಗಿದೆ ಎಂದು ಗೊತ್ತಾದ ಕೂಡಲೇ ಬಸ್ಸಿನಲ್ಲಿ ಹೋಗುತ್ತಿದ್ದವರು ಗಾಡಿ ತೆಗೆಯುತ್ತಾರೆ, ಬೇರೆ ದಾರಿಯಲ್ಲಿ ಹೋಗುತ್ತಿದ್ದವರು ಈ ದಾರಿಗೆ ಬರುತ್ತಾರೆ, ಕಚೇರಿಗೆ ಹತ್ತಿರ ಮನೆ ಹುಡುಕುತ್ತಿದ್ದವರು ದೂರದಲ್ಲಿ ಸೈಟು ಕೊಳ್ಳುತ್ತಾರೆ. ಹೊಸ ಜಾಗ ಹೊಸ ಗಾಡಿಗಳಿಂದ ತುಂಬುತ್ತದೆ. ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ. ಇದು ಬೆಂಗಳೂರಿಗೆ ಮಾತ್ರ ಬಂದ ಕಾಯಿಲೆಯೂ ಅಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಕೆಲವೆಡೆ 26 ಪಥಗಳವರೆಗೆ ಹಿಗ್ಗಿಸಿದರು. ಕೆಲವು ವರ್ಷಗಳೊಳಗೆ ಬೆಳಗಿನ, ಸಂಜೆಯ ಪ್ರಯಾಣದ ಸಮಯ ಮತ್ತೆ ಏರಿತು. ದಕ್ಷಿಣ ಕೊರಿಯಾದ ಸೋಲ್ ನಗರ ಇದಕ್ಕೆ ವಿರುದ್ಧ ದಾರಿ ಹಿಡಿಯಿತು. 2003ರಿಂದ 2005ರ ನಡುವೆ ನಗರದ ಮಧ್ಯದ ಮೇಲ್ಸೇತುವೆಯನ್ನೇ ಕೆಡವಿ, ಅದರಡಿ ಹೂತುಹೋಗಿದ್ದ ಚಂಗ್‌ಗೆಚನ್ ಹೊಳೆಯನ್ನು ಮತ್ತೆ ಹರಿಯಬಿಟ್ಟರು, ಜೊತೆಗೆ ಬಸ್ ವ್ಯವಸ್ಥೆಯನ್ನು ಬಲಪಡಿಸಿದರು. ಊರು ಸ್ತಬ್ಧವಾಗಲಿಲ್ಲ.

ನಾವೂ ಒಮ್ಮೆ ಬೇಡ ಎಂದು ಹೇಳಿದ್ದೇವೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿಲೋಮೀಟರ್ ಉಕ್ಕಿನ ಸೇತುವೆಯ ವಿರುದ್ಧ 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಯಂಚಿನಲ್ಲಿ ಸಾಲಾಗಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದಾದ ಮೇಲೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯ ಪ್ರಸ್ತಾಪ ಬಂತು, 17 ಸಾವಿರ ಕೋಟಿ ರೂಪಾಯಿ ಮೀರಿದ ಅಂದಾಜು, ಮೇಲೆ ಟೋಲ್. ರಸ್ತೆ ನೆಲದ ಮೇಲಿರಲಿ, ಆಕಾಶದಲ್ಲಿರಲಿ, ಪಾತಾಳದಲ್ಲಿರಲಿ, ಅದು ತುಂಬುವ ಬಗೆ ಒಂದೇ. ಈ ಹಣದ ಒಂದು ಪಾಲಿನಲ್ಲಿ ಎಷ್ಟು ಬಸ್ಸು ಬರುತ್ತವೆ ಎಂಬ ಲೆಕ್ಕವನ್ನು ಯೋಜನೆ ಮಂಡಿಸುವವರೇ ಜನರ ಮುಂದಿಡಬೇಕು.

ತಪ್ಪು ಕಲ್ಪನೆ: ಮೆಟ್ರೋ ಪೂರ್ತಿಯಾದರೆ ಬಸ್ಸಿನ ಚಿಂತೆ ಬೇಡ.

ವಾಸ್ತವ: 2011ರಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಶುರುವಾದ ನಮ್ಮ ಮೆಟ್ರೋ ಈಗ 90 ಕಿಲೋಮೀಟರ್ ದಾಟಿದೆ. ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಆದರೆ ಮೆಟ್ರೋ ನಿಲ್ದಾಣ ಎಲ್ಲರ ಮನೆಯ ತಿರುವಿಗೆ ಬರುವುದಿಲ್ಲ, ಬಸ್ಸು ಬರಬಲ್ಲದು. ನಗರ ಸಾರಿಗೆ ಸಂಸ್ಥೆ ಬಿಎಂಟಿಸಿಯ ಬಸ್ಸುಗಳಲ್ಲಿ ದಿನಕ್ಕೆ ಹಲವು ಹತ್ತು ಲಕ್ಷ ಜನ ಓಡಾಡುತ್ತಾರೆ, ಅವರಲ್ಲಿ ಮನೆಗೆಲಸಕ್ಕೆ ಹೋಗುವವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಕಾಲೇಜು ಮಕ್ಕಳು ಬಹಳ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥ ಬಿಟ್ಟುಕೊಟ್ಟಿದ್ದರು. ಮೆಟ್ರೋ ಕಾಮಗಾರಿ ಬಂದಾಗ ಅದು ಕಣ್ಮರೆಯಾಯಿತು. ಸಾವಿರಾರು ಜನ ಬಸ್ಸಿನಲ್ಲಿ ನಿಂತು ಕಾಯುವಾಗ ಒಬ್ಬೊಬ್ಬರಿರುವ ಕಾರುಗಳಿಗೆ ಇಡೀ ರಸ್ತೆ ಕೊಡುವುದು ನ್ಯಾಯವಲ್ಲ. ವಾಹನಗಳ ಚಲನೆಗಿಂತ ಜನರ ಚಲನೆ ಮುಖ್ಯ ಎಂದು ಕೇಂದ್ರದ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿದೆ.

ತಪ್ಪು ಕಲ್ಪನೆ: ಫುಟ್‌ಪಾತ್ ಅಗಲ ಮಾಡಿ ರಸ್ತೆ ಕಿರಿದು ಮಾಡಿದ್ದೇ ಟ್ರಾಫಿಕ್ಕಿಗೆ ಕಾರಣ.

ವಾಸ್ತವ: ಫುಟ್‌ಪಾತ್ ಅಗಲ ಮಾಡಿ, ಪಥವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದ ಟೆಂಡರ್‌ಶ್ಯೂರ್ ರಸ್ತೆಗಳು ಬಂದಾಗಿನಿಂದ ಈ ದೂರು ಕೇಳುತ್ತಲೇ ಇದ್ದೇನೆ. ಒಂದು ರಸ್ತೆ ಒಂದು ಕಡೆ ನಾಲ್ಕು ಗಾಡಿಯಷ್ಟು ಅಗಲ, ಮುಂದೆ ಎರಡಷ್ಟು, ಮತ್ತೆ ಮೂರಷ್ಟು ಇದ್ದರೆ ಗಾಡಿಗಳು ಹರಡಿಕೊಂಡು ಬಂದು ಕಿರಿದಾದ ಕಡೆ ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಉದ್ದಕ್ಕೂ ಒಂದೇ ಅಗಲದ ಪಥ ಕೊಟ್ಟರೆ ಹರಿವು ಹದಕ್ಕೆ ಬರುತ್ತದೆ. ಮಿಕ್ಕ ಜಾಗ ಕಾಲ್ನಡಿಗೆಯವರಿಗೆ. ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್ಲು ಎಲ್ಲವನ್ನೂ ಫುಟ್‌ಪಾತಿನ ಕೆಳಗೆ ಜಾಗ ಮಾಡಿ ಇಟ್ಟರೆ ಡಾಂಬರು ಹಾಕಿದ ಮರುವಾರವೇ ರಸ್ತೆ ಅಗೆಯುವುದು ತಪ್ಪುತ್ತದೆ. ಇದೇ ಆ ವಿನ್ಯಾಸದ ಮುಖ್ಯ ತಿರುಳು, ದೂರುವವರು ಇದನ್ನು ನೋಡುವುದೇ ಇಲ್ಲ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಅಡಚಣೆಯಿಲ್ಲದ ನಡೆದಾಡುವ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಚುಕಲ್ಲು 150 ಮಿಲಿಮೀಟರಿಗಿಂತ ಎತ್ತರ ಇರಕೂಡದು. ನಿಮ್ಮ ಬೀದಿಯ ಅಂಚುಕಲ್ಲನ್ನು ಒಮ್ಮೆ ಅಳೆದು ನೋಡಿ. ಮಂಡಿನೋವಿನ ಅಜ್ಜಿ ಅದನ್ನು ಹತ್ತಲಾರದೆ ರಸ್ತೆಯಲ್ಲೇ ನಡೆಯುತ್ತಾರೆ, ಹಿಂದಿನಿಂದ ಬಂದ ಸ್ಕೂಟರಿನವನು ಹಾರನ್ ಹೊಡೆಯುತ್ತಾನೆ. ನಾವಿರುವ ಬೀದಿಯಲ್ಲಿ ಒಬ್ಬ ಹಿರಿಯರು ಸ್ಲ್ಯಾಬ್ ಕುಸಿದ ಜಾಗದಲ್ಲಿ ಬಿದ್ದು ಸೊಂಟ ಮುರಿದುಕೊಂಡರು, ಮತ್ತೆ ಅವರು ಬೆಳಗಿನ ವಾಕಿಂಗಿಗೆ ಬರಲೇ ಇಲ್ಲ. ಪಾದಚಾರಿ ಮಾರ್ಗ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾರಿನ ಪಾರ್ಕಿಂಗಿಗೆ ಅಂಥ ಹಕ್ಕನ್ನು ಸಂವಿಧಾನ ಕೊಟ್ಟಿಲ್ಲ.

ತಪ್ಪು ಕಲ್ಪನೆ: ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರೆ ಫುಟ್‌ಪಾತ್ ಖಾಲಿಯಾಗುತ್ತದೆ.

ವಾಸ್ತವ: ಎಬ್ಬಿಸಿದ ಜಾಗದಲ್ಲಿ ಮರುದಿನ ಬೈಕುಗಳು ನಿಲ್ಲುತ್ತವೆ. ಟ್ರಾನ್ಸ್‌ಫಾರ್ಮರು, ಕಂಬ, ಜಲ್ಲಿ ರಾಶಿ, ಜಾಹೀರಾತಿನ ಹಲಗೆ ಇವೆಲ್ಲ ಕದಲದೆ ಇರುವಾಗ ಸೊಪ್ಪಿನವಳ ಬುಟ್ಟಿ ಮಾತ್ರ ಅಡ್ಡಿಯಾಗಿ ಕಾಣುವುದು ನಮ್ಮ ದೃಷ್ಟಿಯ ದೋಷ. ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರಿಂದ ಇದೆ. ಸಮೀಕ್ಷೆ ಮಾಡಬೇಕು, ಗುರುತಿನ ಚೀಟಿ ಕೊಡಬೇಕು, ಮಾರಾಟದ ವಲಯ ಗುರುತಿಸಬೇಕು, ಪಟ್ಟಣ ಮಾರಾಟ ಸಮಿತಿಯಲ್ಲಿ ವ್ಯಾಪಾರಿಗಳೇ ಕೂರಬೇಕು ಎನ್ನುತ್ತದೆ ಅದು. ರಾತ್ರಿ ಒಂಬತ್ತಕ್ಕೆ ಬಸ್ಸಿಳಿದು ಬರುವ ಹೆಣ್ಣುಮಗಳಿಗೆ ಬೆಳಕಿರುವ ಒಂದು ಹಣ್ಣಿನ ಗಾಡಿ ಕೊಡುವ ಧೈರ್ಯವನ್ನು ಯಾವ ಕ್ಯಾಮೆರಾವೂ ಕೊಡುವುದಿಲ್ಲ.

ತಪ್ಪು ಕಲ್ಪನೆ: ಈಗ ಮಳೆ ಜಾಸ್ತಿ, ಅದಕ್ಕೇ ಬೆಂಗಳೂರು ಮುಳುಗುತ್ತದೆ.

ವಾಸ್ತವ: 2022ರ ಸೆಪ್ಟೆಂಬರ್ ಮೊದಲ ವಾರ 24 ಗಂಟೆಯಲ್ಲಿ 130 ಮಿಲಿಮೀಟರ್ ಮೀರಿ ಮಳೆ ಬಿತ್ತು. ಬೆಳ್ಳಂದೂರು, ಯಮಲೂರು ಕಡೆ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದ ಚಿತ್ರ ಜಗತ್ತೆಲ್ಲ ನೋಡಿತು. ಅದೇ ದಿನ ಸುತ್ತಲಿನ ಶೆಡ್ಡುಗಳಲ್ಲಿದ್ದ ಕೂಲಿಯವರ ಅಕ್ಕಿ, ಬಟ್ಟೆ, ಮಕ್ಕಳ ಪುಸ್ತಕ ತೇಲಿಹೋದದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ಆದರೆ ಮಳೆಯ ಲೆಕ್ಕಕ್ಕೆ ಬಂದರೆ, 1988ರ ಸೆಪ್ಟೆಂಬರ್ 12ರಂದು ಇದೇ ಊರಿನಲ್ಲಿ ಒಂದೇ ದಿನ 177 ಮಿಲಿಮೀಟರ್ ಬಿದ್ದಿತ್ತು. ಹವಾಮಾನ ಬದಲಾಗುತ್ತಿದೆ, ಬಿರುಮಳೆ ಹೆಚ್ಚುತ್ತಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಬಿದ್ದ ನೀರಿಗೆ ಹೋಗಲು ದಾರಿ ಇದೆಯೇ ಎಂಬ ಪ್ರಶ್ನೆ ಮಾತ್ರ ಬೇರೆಯದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಪಶ್ಚಿಮಕ್ಕೆ ಬಿದ್ದ ಹನಿ ವೃಷಭಾವತಿ, ಅರ್ಕಾವತಿಯ ಮೂಲಕ ಕಾವೇರಿಗೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ದೊಡ್ಡ ನದಿಯಿಲ್ಲದ ಈ ದಿಣ್ಣೆಯಲ್ಲಿ ಹಿಂದಿನವರು ಇಳಿಜಾರಿನ ಉದ್ದಕ್ಕೂ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ಸೇರುತ್ತಿತ್ತು. ತೂಬು ಎತ್ತಿ ಇಳಿಸಿ ನೀರು ಹಂಚಲು ಊರಿಗೊಬ್ಬ ನೀರಗಂಟಿ ಇರುತ್ತಿದ್ದ. ದಿಣ್ಣೆಯ ಮೇಲಿನ ಊರು ಮುಳುಗಬೇಕಾದರೆ ನೀರಿನ ದಾರಿಗೆ ಯಾರೋ ಅಡ್ಡ ಕಟ್ಟಿರಲೇಬೇಕು.

ಯಾರು ಕಟ್ಟಿದರು? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಕರಗದ ಪೂಜೆಗೆಂದು ಒಂದು ಸಣ್ಣ ಕೊಳ ಮಾತ್ರ ಉಳಿಯಿತು. ಶೂಲೆ ಕೆರೆ ಫುಟ್‌ಬಾಲ್ ಮೈದಾನ, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನ. ಕೋರಮಂಗಲದಲ್ಲಿ ಕೆರೆಯಂಗಳದ ಮೇಲೆಯೇ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ವಸತಿ ಸಮುಚ್ಚಯ ಎದ್ದಿತು. ಒತ್ತುವರಿ ಎಂದಾಕ್ಷಣ ನಾವು ರಾಜಕಾಲುವೆ ದಂಡೆಯ ಗುಡಿಸಲನ್ನೋ ಯಾವುದೋ ಬಿಲ್ಡರನ್ನೋ ನೆನೆಯುತ್ತೇವೆ. ಈ ಪಟ್ಟಿಯಲ್ಲಿರುವುದೆಲ್ಲ ಸರ್ಕಾರದ್ದೇ ಕಟ್ಟಡ, ಸರ್ಕಾರದ್ದೇ ಆದೇಶ. ದೊಡ್ಡ ಕಾಲುವೆಯ ಮಧ್ಯದಿಂದ 50 ಮೀಟರ್, ನಡುವಿನದಕ್ಕೆ 25, ಸಣ್ಣದಕ್ಕೆ 15 ಮೀಟರ್ ಬಿಡಬೇಕೆಂದು ‘ಮಾಸ್ಟರ್ ಪ್ಲಾನ್ 2015’ರಲ್ಲೇ ಬರೆದಿತ್ತು. ಬರೆದದ್ದು ನಡೆದಿದ್ದರೆ ಟ್ರ್ಯಾಕ್ಟರ್ ಬೇಕಾಗುತ್ತಿರಲಿಲ್ಲ.

ತಪ್ಪು ಕಲ್ಪನೆ: ಹೂಳೆತ್ತಿ, ಬೇಲಿ ಹಾಕಿ, ವಾಕಿಂಗ್ ಪಾತ್ ಮಾಡಿದರೆ ಕೆರೆ ಉಳಿಯಿತು.

ವಾಸ್ತವ: ಸುತ್ತ ಏರಿ ಎಬ್ಬಿಸಿ ಬೋಗುಣಿಯಂತೆ ಕಡಿದಾಗಿ ತೋಡಿದ ಕೆರೆಯಲ್ಲಿ ಕೊಕ್ಕರೆಗೆ ನಿಲ್ಲಲು ತೆಳುನೀರಿಲ್ಲ, ಜೊಂಡಿಗೆ ಬೇರೂರಲು ಕೆಸರಿಲ್ಲ. ಒಳಗೆ ಕೊಳಚೆ ಬರುತ್ತಲೇ ಇದ್ದರೆ ಬೇಲಿಯಿಂದೇನು? ಬೆಳ್ಳಂದೂರು ಕೆರೆ ನೊರೆಯುಕ್ಕಿ ಉರಿದದ್ದನ್ನೂ ನೋಡಿದ್ದೇವೆ. ಜಕ್ಕೂರು ಕೆರೆ ಇನ್ನೊಂದು ದಾರಿ ತೋರಿಸಿದೆ. ಶುದ್ಧೀಕರಣ ಘಟಕದ ನೀರು ಮೊದಲು ಜೊಂಡು ಬೆಳೆದ ತೇವಭೂಮಿಯಲ್ಲಿ ನಿಧಾನವಾಗಿ ಸೋಸಿ ಆಮೇಲೆ ಕೆರೆಗಿಳಿಯುತ್ತದೆ. ಮೀನುಗಾರರಿಗೆ ಕೆಲಸವಿದೆ, ಹಕ್ಕಿಗಳಿವೆ, ಸುತ್ತಲಿನ ಬಾವಿಗಳಿಗೆ ಸೆಲೆಯಿದೆ. ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೂ ಪಾಲಿಕೆಯೂ ಕೂಡಿ ಕಾಪಾಡಿಕೊಂಡರು. ಇವು ಎಲ್ಲೋ ದೂರದೇಶದ ಕಥೆಗಳಲ್ಲ, ಬಸ್ಸಿನಲ್ಲಿ ಹೋಗಿ ನೋಡಿ ಬರಬಹುದು.

ತಪ್ಪು ಕಲ್ಪನೆ: ಕಾವೇರಿಯ ಇನ್ನೊಂದು ಹಂತ ಬಂದರೆ ನೀರಿನ ಬವಣೆ ತೀರುತ್ತದೆ.

ವಾಸ್ತವ: ಐದನೇ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರ್ ಸೇರಿದ್ದು ದೊಡ್ಡ ಆಸರೆಯೇ. ಆದರೆ ಆ ನೀರು ಬರುವ ಬಗೆ ತಿಳಿದಿರಬೇಕು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಮೂರು ಕಡೆ ಪಂಪ್ ಮಾಡುತ್ತ, ಸುಮಾರು 500 ಮೀಟರ್ ಮೇಲಕ್ಕೆತ್ತಿ ತರುತ್ತಾರೆ. ಮಳೆ ಕೈಕೊಟ್ಟ ವರ್ಷ ಮಂಡ್ಯದ ರೈತನ ಗದ್ದೆಗೂ ನಮ್ಮ ನಲ್ಲಿಗೂ ಒಂದೇ ಅಣೆಕಟ್ಟೆಯ ನೀರು.

ಇತ್ತ ನಮ್ಮ ತಲೆಯ ಮೇಲೆಯೇ ವರ್ಷಕ್ಕೆ 900 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಲೆಕ್ಕ ಹಾಕಿ ನೋಡಿ: 30×40 ಅಡಿಯ ನಿವೇಶನ ಒಂದರ ಮೇಲೆ ಸುಮಾರು 1 ಲಕ್ಷ ಲೀಟರ್. ಮಳೆನೀರು ಕೊಯ್ಲು 2009ರಿಂದ ಕಾನೂನಿನಲ್ಲಿ ಕಡ್ಡಾಯ. ಎಷ್ಟೋ ಮನೆಗಳಲ್ಲಿ ಅದು ದಂಡ ತಪ್ಪಿಸಿಕೊಳ್ಳಲು ಹಾಕಿದ ಪೈಪಾಗಿ ಉಳಿದಿದೆ, ಇಂಗುಬಾವಿ ತೆಗೆದವರು ಕಡಿಮೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತಾಗ ಎಲ್ಲರಿಗೂ ಇಂಗುಬಾವಿ ನೆನಪಾಯಿತು, ಜೂನ್ ಮಳೆಗೆ ಮತ್ತೆ ಮರೆತುಹೋಯಿತು. ಇನ್ನು ಬಳಸಿ ಬಿಟ್ಟ ನೀರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ. ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಕೊಡಿ ಎಂದು ಕೋಲಾರದವರು ಕೇಳುತ್ತಿದ್ದಾರೆ. ನಮ್ಮ ಕೊಳೆ ನೀರನ್ನು ತೊಳೆದು ಕೊಡುವುದು ನಮ್ಮ ಹೊಣೆ, ಅವರ ಬೇಡಿಕೆ ನ್ಯಾಯವಾದದ್ದು.

ತಪ್ಪು ಕಲ್ಪನೆ: ಕಸ ಬೇರ್ಪಡಿಸಿ ಕೊಟ್ಟರೂ ಗಾಡಿಯಲ್ಲಿ ಒಟ್ಟಿಗೇ ಸುರಿಯುತ್ತಾರೆ, ಬೇರ್ಪಡಿಸಿ ಏನು ಫಲ?

ವಾಸ್ತವ: ಕೆಲವೆಡೆ ಹಾಗೆ ನಡೆಯುವುದುಂಟು, ಅದನ್ನು ಪ್ರಶ್ನಿಸಲೇಬೇಕು. ಆದರೆ ಬೆರೆಸಿ ಕೊಟ್ಟ ಕಸ ಎಲ್ಲಿಗೆ ಹೋಗುತ್ತದೆ? ಊರಾಚೆಯ ಮಾವಳ್ಳಿಪುರದ ಜನ ವರ್ಷಗಟ್ಟಲೆ ಅದರ ನಾತ ಕುಡಿದರು. ಅಲ್ಲಿ ಕಸ ಸುರಿಯುವ ಜಾಗ ಮುಚ್ಚಿದಾಗ ಮಂಡೂರಿನ ಸರದಿ. ಊರಿನವರು ರಸ್ತೆಗಿಳಿದು ಹೋರಾಡಿದ ಮೇಲೆ 2014ರ ಕೊನೆಯಲ್ಲಿ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ನಮ್ಮ ಮನೆಯ ಅನ್ನ, ಡೈಪರ್, ಪ್ಲಾಸ್ಟಿಕ್ ಕೂಡಿ ಕೊಳೆತ ರಸ ಅವರ ಬಾವಿಗಿಳಿದಿದೆ. ಹಸಿ ಕಸ ಬೇರೆಯಾದರೆ ಗೊಬ್ಬರ, ಒಣ ಕಸ ಬೇರೆಯಾದರೆ ಆಯುವವರಿಗೆ ಸಂಪಾದನೆ. ಬೆರೆತ ಚೀಲವನ್ನು ಕೊನೆಗೆ ಬರಿಗೈಯಲ್ಲಿ ಬಿಚ್ಚುವವರು ನಮ್ಮಂಥ ಮನುಷ್ಯರೇ.

ತಪ್ಪು ಕಲ್ಪನೆ: ಕಾರ್ಪೊರೇಟರುಗಳಿಲ್ಲದಿದ್ದರೇ ವಾಸಿ, ಅಧಿಕಾರಿಗಳು ಚೆನ್ನಾಗಿ ನಡೆಸುತ್ತಾರೆ.

ವಾಸ್ತವ: ಓದಿದವರ ಬಾಯಲ್ಲೇ ಇದು ಹೆಚ್ಚು ಕೇಳುತ್ತದೆ. 2015ರ ಆಗಸ್ಟ್‌ನಲ್ಲಿ ಚುನಾಯಿತವಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಆದರೂ 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನು ಐದಾಗಿ ಒಡೆಯುವ ಹೊತ್ತಿಗೂ, ಹೆಚ್ಚುಕಡಿಮೆ ಐದು ವರ್ಷದಿಂದ, ಬೆಂಗಳೂರಿಗೆ ಚುನಾಯಿತ ಸಭೆ ಇರಲಿಲ್ಲ. ಆ ಐದು ವರ್ಷದಲ್ಲೇ 2022ರ ಪ್ರವಾಹ ಬಂತು, 2024ರ ನೀರಿನ ಬರ ಬಂತು, ಸುರಂಗದ ಪ್ರಸ್ತಾಪ ಬಂತು. ಅಧಿಕಾರಿಗಳ ಆಡಳಿತದಲ್ಲಿ ಮೋರಿಗಳು ತಾವಾಗಿ ಸರಿಹೋಗಲಿಲ್ಲ. ಕಾರ್ಪೊರೇಟರು ಕೆಟ್ಟವನಾದರೆ ಐದು ವರ್ಷಕ್ಕೆ ಮನೆಗೆ ಕಳಿಸಬಹುದು. ವರ್ಗವಾಗಿ ಹೋದ ಅಧಿಕಾರಿಯನ್ನು ಹಿಡಿದು ಕೇಳುವ ಬೀದಿ ಯಾವುದು?

ವಾರ್ಡಿಗೆ ಚುನಾವಣೆ ಬಂದಾಗ ಮನೆಬಾಗಿಲಿಗೆ ಬಂದವರನ್ನು ಕೇಳಿ: ಫುಟ್‌ಪಾತಿಗೆ ಎಷ್ಟು ಹಣ, ಬಸ್ ಪಥಕ್ಕೆ ನಿಮ್ಮ ಒಪ್ಪಿಗೆ ಇದೆಯೇ, ವಾರ್ಡ್ ಸಮಿತಿ ತಿಂಗಳಿಗೊಮ್ಮೆ ಸೇರುತ್ತದೆಯೇ ಎಂದು. ಅದಕ್ಕೂ ಮೊದಲು ನಿಮ್ಮ ಬೀದಿಯಲ್ಲಿ ಯಾವುದೇ ಕಾಮಗಾರಿ ಶುರುವಾದರೆ ಅದರ ನಕ್ಷೆ, ಅಂದಾಜು ಪಟ್ಟಿ, ಟೆಂಡರಿನ ಪ್ರತಿ ಕೇಳಿ ಪಡೆಯಿರಿ. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಶುಲ್ಕ 10 ರೂಪಾಯಿ, ಉತ್ತರ ಕೊಡಬೇಕಾದ ಗಡುವು 30 ದಿನ.